ಬೇತ್ಲೆಹೇಮಿನಲ್ಲಿ ಒಂದು ಜಾಗ

ಅಕ್ಟೋಬರ್ 12, ಭಾನುವಾರ

ಈ ವರ್ಷ ಕ್ರಿಸ್ಮಸ್ ನಾಟಕ ಇಲ್ಲವಂತೆ. ಸಿನಿಮಾ ಅಂತೆ! ಆರಾಧನೆ ಮುಗಿದ ಮೇಲೆ ಪಾಸ್ಟರ್ ಪ್ರಕಟಣೆ ಮಾಡಿದರು. ವರ್ಷ ವರ್ಷವೂ ಅದೇ ಕುರುಬರು, ಅದೇ ಗೋಣಿತಾಟಿನ ಕುರಿ. ಆಡುವವರಿಗೂ ಸಾಕಾಗಿದೆ, ನೋಡುವವರಿಗೂ ಸಾಕಾಗಿದೆ. ಮದುವೆ ವಿಡಿಯೋ ತೆಗೆಯುವ ಹುಡುಗನೊಬ್ಬ ನಮ್ಮ ಸಭೆಯಲ್ಲೇ ಇದ್ದಾನೆ, ಕ್ಯಾಮೆರಾ ಪುಕ್ಕಟೆ. ಊಟ ಅವರವರ ಬುತ್ತಿ. "ದುಡ್ಡಿಲ್ಲ, ಆದ್ರೆ ನಾವೆಲ್ಲ ಇದೀವಿ" ಎಂದರು ಪಾಸ್ಟರ್. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈಚೀಲ ಹುಡುಕಿಕೊಂಡು ಎದ್ದೆ.

ಬಾಗಿಲ ಬಳಿ ಹಿಡಿದುಕೊಂಡರು. "ಅಮ್ಮಾ, ಬಟ್ಟೆ ಎಲ್ಲಾ ನಿಮ್ಮ ತಲೆ ಮೇಲೆ."

"ಹೊಸದು ಹೊಲಿಯೋದು ಬಿಟ್ಟಿದೀನಿ ಪಾಸ್ಟರ್. ಈಗ ಬರೀ ರಿಪೇರಿ."

"ಹೊಸದು ಯಾರಿಗೆ ಬೇಕು? ಹಳೇ ಪರದೆ, ಹಳೇ ಬೆಡ್‌ಶೀಟು. ಸುತ್ತೋದು, ಪಿನ್ನು ಹಾಕೋದು, ಅಷ್ಟೇ."

ಬಾಯಿ ತಪ್ಪಿ ಆಗಲಿ ಎಂದುಬಿಟ್ಟೆ. ನಮ್ಮ ಅಂಗಡಿಯಲ್ಲಿ ಕತ್ತರಿ ನಮ್ಮ ಮನೆಯವರದು, ಮಿಷನ್ ನನ್ನದು. ಇವರು ಅಳೆದು ಕತ್ತರಿಸಿ ಕೊಟ್ಟರೆ ನಾನು ಕೂಡಿಸಿ ಹೊಲಿಯುತ್ತೇನೆ, ಮದುವೆಯಾದಂದಿನಿಂದ ಹೀಗೇ. ಮಾರ್ಚ್‌ನಲ್ಲಿ ಇವರನ್ನು ಮಣ್ಣಿಗೆ ಕೊಟ್ಟು ಬಂದ ಮೇಲೆ ಆ ಕತ್ತರಿಯನ್ನು ಯಾರೂ ಮುಟ್ಟಿಲ್ಲ. ಝಿಪ್ ಬದಲಿಸುತ್ತೇನೆ, ಪ್ಯಾಂಟಿನ ಅಂಚು ಮಡಿಸುತ್ತೇನೆ, ಗುಂಡಿ ಹಚ್ಚುತ್ತೇನೆ.

ಹೇಗೂ ಜನವರಿಗೆ ನಾನು ಈ ಊರಿನಲ್ಲಿ ಇರುವವಳಲ್ಲ. ಅಂಗಡಿ ಬಾಡಿಗೆಗೆ ಕೊಟ್ಟು ಬಂದುಬಿಡು ಎಂದು ಅಕ್ಕ ವಾರಕ್ಕೆರಡು ಸಲ ಫೋನ್ ಮಾಡುತ್ತಾಳೆ. ಹೋಗುವುದೇ ಸರಿ. ಇಂದು ಚರ್ಚು ತುಂಬಿ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಬೇಕಾಯಿತು. ಆದರೂ ನನ್ನ ಪಕ್ಕ ಒಬ್ಬರೂ ಕೂರಲಿಲ್ಲ. ಏಳು ತಿಂಗಳಿಂದ ನೋಡುತ್ತಿದ್ದೇನೆ. ಬಂದು ಕೈ ಹಿಡಿದು ಕುಶಲ ಕೇಳುತ್ತಾರೆ, ಆಮೇಲೆ ದೂರ ಹೋಗಿ ಕೂರುತ್ತಾರೆ. ನನಗೇನು ಅಂಟುರೋಗ ಬಂದಿದೆಯೇ?

ಅಕ್ಟೋಬರ್ 19, ಭಾನುವಾರ

ಪಾತ್ರ ಹಂಚಿಕೆ ಆಯಿತು. ಬ್ಯಾಂಕಿನ ಹುಡುಗಿ ಮರಿಯಳು. ಜಿಮ್ ನಡೆಸುವವನು ಯೋಸೇಫ. ಅವನ ತೋಳಿಗೆ ಯಾವ ಬೆಡ್‌ಶೀಟೂ ಸಾಲದು. ಹೆರೋದ ಅರಸ ನಮ್ಮ ಹಲ್ಲಿನ ಡಾಕ್ಟರು. "ಎಲ್ರೂ ಈಗಾಗ್ಲೇ ನನ್ನ ಕಂಡ್ರೆ ಹೆದರ್ತಾರೆ, ಆ್ಯಕ್ಟಿಂಗೇ ಬೇಡ" ಎಂದು ನಕ್ಕರು. ಹೆದರುವುದು ಅವರ ಡ್ರಿಲ್ಲಿಗೆ, ಅವರಿಗಲ್ಲ. ಎದೆಯಳತೆ ನಲವತ್ತನಾಲ್ಕು, ಆದರೆ ಹಲ್ಲಿ ಕಂಡರೆ ಕುರ್ಚಿ ಹತ್ತುವ ಮನುಷ್ಯ.

ನಿರ್ದೇಶಕನಿಗೆ ಒಂದೇ ದಿನದಲ್ಲಿ 'ಆ್ಯಕ್ಷನ್' ಎಂದು ಹೆಸರು ಬಿದ್ದಿದೆ. ಟೀ ಕುಡಿಯುವ ಮೊದಲೂ ಹಾಗೆಯೇ ಕೂಗುತ್ತಾನೆ. ಸಭೆಯವನೆಂದರೆ ಹೆಸರಿಗೆ ಮಾತ್ರ. ಭಾನುವಾರವೆಲ್ಲ ಯಾರದೋ ಮದುವೆಯಲ್ಲಿರುತ್ತಾನೆ, ಚರ್ಚಿಗೆ ಮುಖ ತೋರಿಸುವುದು ಈಸ್ಟರಿಗೊಮ್ಮೆ, ಕ್ರಿಸ್ಮಸ್ಸಿಗೊಮ್ಮೆ.

ನನಗೆ ಸಹಾಯಕ್ಕೆ ಒಬ್ಬಳನ್ನು ಕೊಟ್ಟಿದ್ದಾರೆ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ನಲವತ್ತರ ಆಸುಪಾಸು, ಜೂನ್ ತಿಂಗಳಲ್ಲಿ ಎಲ್ಲಿಂದಲೋ ಒಬ್ಬಳೇ ಈ ಊರಿಗೆ ಬಂದವಳು. ಬಾಗಿಲ ಪಕ್ಕದ ಕಡೆಯ ಬೆಂಚಿನ ತುದಿಯಲ್ಲಿ ಕೂತು, ಆಶೀರ್ವಚನ ಮುಗಿಯುವುದರೊಳಗೆ ಮಾಯವಾಗುತ್ತಾಳೆ. ನಾನು ಮನಸ್ಸಿನಲ್ಲೇ ಇಟ್ಟುಕೊಂಡಿರುವ ಹೆಸರು 'ಹಿಂದಿನ ಬೆಂಚು'.

ಅಕ್ಟೋಬರ್ 25, ಶನಿವಾರ

ಹಿಂದಿನ ಬೆಂಚು ಅಂಗಡಿಗೆ ಬಂದಳು. ಬಾಯಿಯಲ್ಲಿ ಮಾತಿಲ್ಲ, ಕೈಯಲ್ಲಿ ಬಿಡುವಿಲ್ಲ. ಹೆರೋದನ ನಿಲುವಂಗಿಗೆಂದು ನಾನು ಅರ್ಧ ದಿನ ಕೂತು ನೆರಿಗೆ ಹಿಡಿದಿದ್ದ ಕೆಂಪು ಪರದೆಯನ್ನು ತಟ್ಟೆಯ ಹಾಗೆ ಸಪಾಟಾಗಿ ಇಸ್ತ್ರಿ ಮಾಡಿಟ್ಟಳು.

"ಏನಮ್ಮಾ ಇದು!"

"ಸುಕ್ಕು ಇತ್ತಲ್ಲಾ ಅಂತ..."

"ಸುಕ್ಕಲ್ಲ ಅದು, ನೆರಿಗೆ!"

ಕಣ್ಣು ಇಷ್ಟಗಲ ಮಾಡಿ ನಿಂತಳು. ಆಮೇಲೆ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದಳು. ಬೆನ್ನು ಕುಲುಕುತ್ತಿತ್ತು. ನನಗೂ ನಗು ಬಂತು, ತೋರಿಸಿಕೊಳ್ಳಲಿಲ್ಲ. ಮತ್ತೆ ಮೊದಲಿಂದ ನೆರಿಗೆ ಹಿಡಿದೆವು, ಈ ಸಲ ಇಬ್ಬರೂ ಕೂತು.

ನವೆಂಬರ್ 2, ಭಾನುವಾರ

ಮೊದಲ ದಿನದ ಶೂಟಿಂಗ್. ಕಥೆಯ ಕೊನೆಯಿಂದ ಶುರು. ಗೋದಲಿಯಲ್ಲಿ ಮಲಗುವುದು ಪಾಸ್ಟರ್ ಮೊಮ್ಮಗಳು. ತಡ ಮಾಡಿದರೆ ಯೇಸುಸ್ವಾಮಿ ಹುಲ್ಲಿನ ಮೇಲೆ ಎದ್ದು ಕೂತೇಬಿಡುತ್ತಾರೆ ಎಂದು ಕೂಸಿನ ಅಜ್ಜಿ ಎಚ್ಚರಿಸಿದ್ದರು.

ಆ್ಯಕ್ಷನ್‌ಗೆ ಮದುವೆಯ ಚಟ ಬಿಟ್ಟಿಲ್ಲ. "ಯೋಸೇಫ್ ಸಾರ್, ಮೇಡಂ ಹೆಗಲ ಮೇಲೆ ಕೈ ಹಾಕಿ. ಮೇಡಂ, ಸ್ವಲ್ಪ ನಾಚ್ಕೊಳ್ಳಿ. ಇಬ್ರೂ ಇಲ್ಲಿ ನೋಡಿ, ಸ್ಮೈಲ್!"

ಪಾಸ್ಟರ್ ಕೆಮ್ಮಿದರು. "ಇದು ರಿಸೆಪ್ಷನ್ ಅಲ್ಲಪ್ಪಾ."

ಯೋಸೇಫ ಮೊಣಕಾಲೂರಿ ಪ್ರಾರ್ಥನೆ ಮಾಡುವ ಮಾತು. ಜಿಮ್ಮಿನವನು ಚೆನ್ನಾಗಿಯೇ ಹೇಳಿದ. ಹೇಳಿ ಮುಗಿಸಿದ್ದೇ ತಡ, ಕ್ಯಾಮೆರಾದ ಹಿಂದೆ ನಿಂತ ನಾವೆಲ್ಲ ಒಕ್ಕೊರಲಿನಿಂದ "ಆಮೆನ್!" ಆ್ಯಕ್ಷನ್ ತಲೆ ಚಚ್ಚಿಕೊಂಡ. ಮತ್ತೆ ತೆಗೆದರು, ಮತ್ತೆ ಆಮೆನ್. ಮೂರನೆಯ ಸಲ ಬಾಯಿಗೆ ಕೈ ಅಡ್ಡ ಹಿಡಿದು ನಿಂತೆವು. ಪಿಯಾನೋ ಟೀಚರ್‌ಗೆ ಎಪ್ಪತ್ತೆಂಟು ವರ್ಷ, ಕಿವಿ ಮಂದ, ಅವರೊಬ್ಬರೇ ಗಟ್ಟಿಯಾಗಿ ಆಮೆನ್ ಎಂದು ನಮ್ಮನ್ನೆಲ್ಲ ಕೋಪದಿಂದ ನೋಡಿದರು, ಯಾಕೆ ಸುಮ್ಮನಿದ್ದೀರಿ ಎನ್ನುವ ಹಾಗೆ. ಇರಲಿ ಬಿಡು, ದೇವದೂತರು ಹೇಳಿದ್ದು ಅಂದ್ಕೊಳ್ತಾರೆ ಎಂದರು ಪಾಸ್ಟರ್.

ಅಕ್ಕ ಫೋನ್ ಮಾಡಿದ್ದಳು. ರೂಮಿಗೆ ಯಾವ ಬಣ್ಣ ಹೊಡೆಸಲಿ ಎಂದು ಕೇಳಿದಳು. ಯಾವುದಾದರೂ ಆಗಲಿ ಎಂದೆ.

ನವೆಂಬರ್ 8, ಶನಿವಾರ

ಕೂಸನ್ನು ನೋಡಲು ಬರುವ ಮೂರನೆಯ ಜ್ಞಾನಿಯ ಬಟ್ಟೆ ನೆಲ ಗುಡಿಸುತ್ತಿತ್ತು. ಒಂಟೆಯಿಂದ ಇಳಿಯುವ ಮೊದಲೇ (ಒಂಟೆ ಎಂದರೆ ಬೆಂಚಿನ ಮೇಲೆ ಹಾಸಿದ ಕಂಬಳಿ) ಮುಗ್ಗರಿಸಿ ಬೀಳುತ್ತಾನೆ ಎಂದು ಕೆಳಗಿನಿಂದ ಒಂದು ಗೇಣು ನನ್ನ ಸಣ್ಣ ಕತ್ತರಿಯಲ್ಲಿ ಕತ್ತರಿಸಿ ತೆಗೆದೆ. ಉಳಿದ ತುಂಡಿನಲ್ಲಿ ಕುರುಬರಿಗೆ ತಲೆಪಟ್ಟಿ ಆಯಿತು. ಹಿಂದಿನ ಬೆಂಚಿಗೆ ಗುಂಡಿ ತೂರುವ ಕಾಜಾ ಹೊಲಿಯುವುದನ್ನು ಹೇಳಿಕೊಟ್ಟೆ. ಎರಡು ಸಲ ಬಿಚ್ಚಿಸಿದೆ, ಮೂರನೆಯದು ಪರವಾಗಿಲ್ಲ. ಹೊಗಳಲಿಲ್ಲ. ಟೀ ಮಾಡಿ ಕೊಟ್ಟೆ.

ನವೆಂಬರ್ 16, ಭಾನುವಾರ

ಇಂದಿನದನ್ನು ಬರೆಯದಿದ್ದರೆ ನನಗೆ ಊಟ ಇಳಿಯುವುದಿಲ್ಲ.

ಜನಗಣತಿಯ ದೃಶ್ಯ. ಹೆಸರು ಬರೆಸಲು ಬೇತ್ಲೆಹೇಮಿಗೆ ಊರೂರಿನಿಂದ ಬಂದ ಜನಜಂಗುಳಿ, ಅದರ ನಡುವೆ ಮರಿಯಳೂ ಯೋಸೇಫನೂ ದಾರಿ ಮಾಡಿಕೊಂಡು ಬರಬೇಕು. ಇಡೀ ಸಭೆಯೇ ಜಂಗುಳಿ. ಚರ್ಚಿನ ಹಿಂದಿನ ಅಂಗಳದಲ್ಲಿ ಎಲ್ಲರೂ ಮುಸುಕು ಹೊದ್ದು ನಿಂತೆವು. ಬಟ್ಟೆಯ ಕೆಲಸ ಮುಗಿದಿತ್ತು, ನನ್ನನ್ನೂ ನಿಲ್ಲಿಸಿದರು. ಹಿಂದಿನ ಬೆಂಚು ಇಸ್ತ್ರಿಪೆಟ್ಟಿಗೆ ಕಾಯುತ್ತಾ ಬಾಗಿಲಲ್ಲೇ ಉಳಿದಳು. ಅವಳಿಗೆ ಉಡಿಸಲು ಪರದೆ ಉಳಿದಿರಲಿಲ್ಲ.

ಒತ್ತೊತ್ತಾಗಿ ನಿಲ್ಲಿ, ಒತ್ತೊತ್ತಾಗಿ ಎಂದು ಆ್ಯಕ್ಷನ್ ಕಿರುಚುತ್ತಿದ್ದ. ಎಲ್ಲರೂ ಒತ್ತಿದರು. ನನ್ನ ಬಲಗಡೆ ಮಾತ್ರ ಒಬ್ಬರು ನಿಲ್ಲುವಷ್ಟು ಖಾಲಿ.

"ಟೈಲರ್ ಅಮ್ಮಾ, ನಿಮ್ಮ ಪಕ್ಕ ಗ್ಯಾಪ್ ಕಾಣ್ತಿದೆ! ಡಾಕ್ಟ್ರೇ, ಸ್ವಲ್ಪ ಸರೀರಿ ಆ ಕಡೆ!"

ಡಾಕ್ಟರು ಅಲ್ಲೇ ನಿಂತು ಕಾಲು ಬದಲಿಸಿದರು. ಸರಿಯಲಿಲ್ಲ. ಅವರ ಹೆಂಡತಿ ನೆಲ ನೋಡಿದಳು. ಇನ್ನೊಮ್ಮೆ ಕೂಗಿದ, ಅವರಾಚೆ ನಿಂತ ಶಾಲೆಯ ಹೆಡ್‌ಮಾಸ್ಟರು ಕೂಡ ಕೇಳಿಸದವರ ಹಾಗೆ ಮುಸುಕು ಸರಿಮಾಡಿಕೊಂಡರು. ಬೆಳಕು ಹೋಗುತ್ತಿದೆ ಎಂದು ಹಾಗೆಯೇ ತೆಗೆದ.

ನಾನು ನೇರ ಮುಂದೆ ನೋಡುತ್ತಾ ನಿಂತಿದ್ದೆ. ಚರ್ಚಿನೊಳಗೆ ಪಕ್ಕದಲ್ಲಿ ಕೂರಲಾರರು ಸರಿ, ಸುಳ್ಳು ಬೇತ್ಲೆಹೇಮಿನಲ್ಲೂ ನಿಲ್ಲಲಾರರೇ? ಡಾಕ್ಟರ ಮದುವೆಯ ಕೋಟು ಹೊಲಿದವರು ಇವರು. ಹೆಡ್‌ಮಾಸ್ಟರ ಮೂರೂ ಮಕ್ಕಳ ಯೂನಿಫಾರಂ ನನ್ನ ಕೈಯಲ್ಲೇ ಆದದ್ದು. ಇಷ್ಟೇ ಜನರ ಋಣ.

ಮನೆಗೆ ಬಂದವಳೇ ಅಕ್ಕನಿಗೆ ಫೋನ್ ಮಾಡಿ ಜನವರಿ ಮೊದಲ ವಾರ ಬರುತ್ತೇನೆ ಎಂದೆ. ಅಕ್ಕನಿಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲಿಂದಲೇ ಭಾವನನ್ನು ಕೂಗಿ ಹೇಳಿದಳು.

ನವೆಂಬರ್ 18, ಮಂಗಳವಾರ

ಅಂಗಡಿ ನೋಡಲು ಮೊಬೈಲ್ ರಿಪೇರಿಯವನು ಬಂದಿದ್ದ. ಕತ್ತರಿಸುವ ಮೇಜು ತೆಗೆಸಿಬಿಡಿ ಎಂದ. ನೋಡೋಣ ಎಂದೆ.

ನವೆಂಬರ್ 22, ಶನಿವಾರ

ತೆಗೆದದ್ದನ್ನೆಲ್ಲ ತೋರಿಸುತ್ತೇನೆ, ಬನ್ನಿ ಎಂದು ಆ್ಯಕ್ಷನ್ ಸಂಜೆ ಎಲ್ಲರನ್ನೂ ಚರ್ಚಿನ ಹಾಲಿಗೆ ಕರೆದಿದ್ದ. ಹೋಗಬಾರದೆಂದಿದ್ದೆ. ಹಿಂದಿನ ಬೆಂಚು ಬಂದು ಅಂಗಡಿಯ ಬಾಗಿಲಲ್ಲಿ ಸುಮ್ಮನೆ ನಿಂತಳು, ನಾನು ಚಪ್ಪಲಿ ಮೆಟ್ಟಿಕೊಳ್ಳುವವರೆಗೂ ಅಲ್ಲಾಡಲಿಲ್ಲ.

ಗೋಡೆಯ ಮೇಲೆ ಜಂಗುಳಿ ಮೂಡಿತು. ಎಲ್ಲರೂ ತಮ್ಮ ತಮ್ಮ ಮುಖ ಹುಡುಕುತ್ತಿದ್ದರು. ಮೊದಲು ನಕ್ಕದ್ದು ಪಾಸ್ಟರ್. "ಅಯ್ಯೋ, ನೋಡ್ರಪ್ಪಾ! ಇದು ಬೇತ್ಲೆಹೇಮ್ ಅಲ್ಲ, ನಮ್ಮ ಭಾನುವಾರ!"

ಹೌದಲ್ಲ! ಮುಂದಿನ ಸಾಲಿನಲ್ಲಿ ಎಡಕ್ಕೆ ಪಿಯಾನೋ ಟೀಚರ್. ಅವರ ಹಿಂದೆ ಬ್ಯಾಂಕಿನ ಹುಡುಗಿಯ ಅಪ್ಪ ಅಮ್ಮ. ಮೂರನೆಯ ಸಾಲು ಹೆಡ್‌ಮಾಸ್ಟರದು, ಡಾಕ್ಟರದು, ನಮ್ಮದು. ಬೆಂಚು ಇಲ್ಲ, ಗೋಡೆ ಇಲ್ಲ, ಮೈಮೇಲೆ ಪರದೆ, ಆದರೂ ಪ್ರತಿಯೊಬ್ಬರೂ ಚರ್ಚಿನಲ್ಲಿ ಕೂರುವ ಜಾಗದಲ್ಲೇ ಹೋಗಿ ನಿಂತಿದ್ದೇವೆ! ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು.

ಆ್ಯಕ್ಷನ್‌ಗೆ ಮಾತ್ರ ನಗು ಬರಲಿಲ್ಲ. ಚಿತ್ರ ನಿಲ್ಲಿಸಿ, ಗೋಡೆಯ ಮೇಲೆ ನನ್ನ ಪಕ್ಕದ ಖಾಲಿಯ ಮೇಲೆ ಬೆರಳಿಟ್ಟ. "ಇದಕ್ಕೇನ್ ಮಾಡ್ಲಿ ಹೇಳಿ. ಎಷ್ಟು ಸಲ ಕೂಗ್ಕೊಂಡೆ! ಹಲ್ಲು ಬಿದ್ದ ಹಾಗೆ ಕಾಣ್ತಿದೆ."

ನಗು ನಿಂತಿತು. ಪಿಯಾನೋ ಟೀಚರ್‌ಗೆ ಎಷ್ಟು ಕೇಳಿಸಿತೋ ಏನೋ, ಗೋಡೆ ನೋಡಿಯೇ ಹೇಳಿದರು: "ಅದು ಖಾಲಿ ಅಲ್ಲ ಕಣಪ್ಪಾ. ನಮ್ಮ ಟೈಲರ್ ನಿಲ್ಲೋ ಜಾಗ, ಇವಳ ಯಜಮಾನ್ರದು."

ಡಾಕ್ಟರು ನನ್ನ ಕಡೆ ತಿರುಗಿದರು. ಅಷ್ಟು ದೊಡ್ಡ ಮನುಷ್ಯನ ದನಿ ಸಣ್ಣಗಾಗಿತ್ತು. "ಬೇಕಂತ ಮಾಡಿದ್ದಲ್ಲ ಅಕ್ಕಾ. ಅವ್ನು ಕೂಗಿದ್ದು ಕೇಳಿಸ್ತು. ಕಾಲೇ ಹೋಗ್ಲಿಲ್ಲ. ಒಳಗೂ ಅಷ್ಟೇ. ನಾನು ಅಲ್ಲಿ ಕೂತ್ರೆ ನಿಮ್ಗೆ ಹೇಗನ್ಸುತ್ತೋ ಅಂತ..."

"ನಾವ್ಯಾರೂ ಮಾತಾಡ್ಕೊಂಡಿಲ್ಲ" ಎಂದಳು ಅವರ ಹೆಂಡತಿ. "ತಾನಾಗೇ ಹಾಗಾಯ್ತು."

ಎಂಟು ತಿಂಗಳು ನಾನು ಈ ಜನರನ್ನೆಲ್ಲ ಮನಸ್ಸಿನಲ್ಲಿ ಬೈದುಕೊಂಡು ಕೂತಿದ್ದೆ, ಅವರೆಲ್ಲ ಸೇರಿ ನಮ್ಮ ಮನೆಯವರ ಜಾಗ ಕಾಯುತ್ತಿದ್ದರು. ಒಬ್ಬರಾದರೂ ಬಾಯಿಬಿಟ್ಟು ಹೇಳಬಾರದಿತ್ತೇ? ಸಿಟ್ಟೂ ಬಂತು, ಸಂತೋಷವೂ ಆಯಿತು, ಎರಡನ್ನೂ ಎಲ್ಲಿಡಬೇಕೆಂದು ತಿಳಿಯದೆ ಎದ್ದು ಹೋಗಿ ಟೀ ಲೋಟಗಳನ್ನು ತೊಳೆದೆ. ತೊಳೆದಿದ್ದ ಲೋಟಗಳನ್ನೂ ಮತ್ತೆ ತೊಳೆದೆ.

ಹೊರಡುವಾಗ ಪಾಸ್ಟರ್ ಹೇಳಿದರು, ಹಾಗೆಯೇ ಇರಲಿ ಎಂದರೆ ಹಾಗೆಯೇ ಇಡುತ್ತೇವೆ, ಬೇಡ ಎಂದರೆ ಇನ್ನೊಮ್ಮೆ ತೆಗೆಯುತ್ತೇವೆ, ನೀವು ಹೇಳಿದಂತೆ ಎಂದು. ಇರಲಿ ಎಂದೆ. ಇರಬೇಕು. ಇವರು ಸಿನಿಮಾದಲ್ಲಿರಬೇಕು.

ನವೆಂಬರ್ 26, ಬುಧವಾರ

ಹಿಂದಿನ ಬೆಂಚು ಕುರುಬರ ಕಂಬಳಿ ಮಡಿಸುತ್ತಿದ್ದಳು. ಶನಿವಾರದಿಂದ ನಾನು ಹಗುರಾಗಿದ್ದೆ, ಮಾತಾಡುವ ಚಪಲ. ಸುಮ್ಮನೆ ಕೇಳಿದೆ: "ನೀನ್ಯಾಕಮ್ಮಾ ಯಾವಾಗ್ಲೂ ಬಾಗಿಲ ಹತ್ರ ಕೂರ್ತೀಯಾ? ಗಾಳಿ ಬೀಸುತ್ತೆ ಅಲ್ಲಿ."

"ಅಭ್ಯಾಸ ಆಗಿದೆ."

"ಮುಂದೆ ಬರ್ಬಾರ್ದಾ?"

ಕಂಬಳಿಯ ಅಂಚಿಗೆ ಅಂಚು ಸರಿಯಾಗಿ ಹೊಂದಿಸಿದಳು. "ಮೊದಲ್ನೇ ಭಾನುವಾರ ಬಂದಿದ್ದೆ. ನಿಮ್ಮ ಪಕ್ಕ ಖಾಲಿ ಇತ್ತು, ಕೂರೋಕೆ ಹೋದೆ. ಯಾರೋ ಒಬ್ರು ತೋಳು ಮುಟ್ಟಿ ಹೇಳಿದ್ರು, ಅಲ್ಲಿ ಬೇಡಮ್ಮಾ, ಅದು ಒಬ್ರ ಜಾಗ ಅಂತ. ಒಳ್ಳೇ ಮಾತಲ್ಲೇ ಹೇಳಿದ್ರು. ಆಮೇಲೆ ಎಲ್ಲಿ ನೋಡಿದ್ರೂ ಯಾರ್ದೋ ಜಾಗ ಇರ್ಬೇಕು ಅನ್ನಿಸ್ತು. ಬಾಗಿಲ ಹತ್ರ ಯಾರ್ದೂ ಇರ್ಲಿಲ್ಲ."

"ನಂಗೆ ಗೊತ್ತೇ ಇಲ್ಲವಲ್ಲಾ!"

"ನೀವು ಹಾಡಿನ ಪುಸ್ತಕ ನೋಡ್ತಿದ್ರಿ."

ದೂರುವ ದನಿಯೇ ಅಲ್ಲ. ಅಳತೆ ಹೇಳಿದ ಹಾಗೆ ಹೇಳಿ, ಇಸ್ತ್ರಿಪೆಟ್ಟಿಗೆ ಆರಿತೇ ಎಂದು ಮುಟ್ಟಿ ನೋಡಿ, ಹೋದಳು.

ಜೂನ್‌ನಿಂದ ಇಲ್ಲಿಯವರೆಗೆ ಪ್ರತಿ ಭಾನುವಾರ! ನನ್ನ ಮೇಲಿನ ಅಕ್ಕರೆಗೆ ಇವಳು ಗಾಳಿಗೆ ಕೂರಬೇಕಾಯಿತು. ಇವರಿಗೆ ಗೊತ್ತಾದರೆ ಏನೆನ್ನುತ್ತಾರೆ? ಅಂಗಡಿಯಲ್ಲಿ ಗಿರಾಕಿ ನಿಂತಿದ್ದರೆ ತಾವು ಕೂತ ಸ್ಟೂಲನ್ನೇ ಎತ್ತಿ ಕೊಡುವ ಮನುಷ್ಯ. ಮನಸ್ಸು ಕೆಟ್ಟುಹೋಯಿತು. ಆದರೂ ಆ ಖಾಲಿ ಜಾಗ ನನಗೆ ಬೇಕು. ನಾಲ್ಕು ದಿನವಾಗಿದೆ ಅಷ್ಟೇ ಅದು ನನಗೆ ಸಿಕ್ಕಿ. ಇಷ್ಟು ಬೇಗ ಬಿಟ್ಟುಕೊಡು ಎಂದರೆ ಹೇಗೆ?

ನವೆಂಬರ್ 29, ಶನಿವಾರ

ಅಕ್ಕ ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

ಅಂಗಡಿಯ ಟ್ರಯಲ್ ರೂಮಿನ ಪರದೆ ಇಳಿಸಿದೆ. ನೀಲಿ ಬಣ್ಣ, ಗಟ್ಟಿ ಬಟ್ಟೆ, ಇವರೇ ಆರಿಸಿದ್ದು. ಮೇಜಿನ ಮೇಲೆ ಹಾಸಿ, ಕಣ್ಣಳತೆಯಲ್ಲೇ ಹಿಂದಿನ ಬೆಂಚಿನವಳ ಭುಜ, ಕುತ್ತಿಗೆ, ಉದ್ದ ಗುರುತು ಹಾಕಿ ಇವರ ಕತ್ತರಿಯಲ್ಲಿ ಕತ್ತರಿಸಿದೆ. ಮಧ್ಯಾಹ್ನದೊಳಗೆ ಹೊಲಿದಾಯಿತು. ಪರದೆ ಇಲ್ಲದೆ ಟ್ರಯಲ್ ರೂಮು ಬೋಳು ಬೋಳಾಗಿದೆ, ಹೊಸ ವರ್ಷಕ್ಕೆ ಬೇರೆ ಹಾಕಿಸಬೇಕು. ಪಾಸ್ಟರಿಗೆ ಹೇಳಿ ಕಳಿಸಿದೆ: ಜಂಗುಳಿಯನ್ನು ಇನ್ನೊಮ್ಮೆ ತೆಗೆಯಿರಿ.

ನವೆಂಬರ್ 30, ಭಾನುವಾರ

ಮತ್ತೆ ಅಂಗಳ, ಮತ್ತೆ ಮುಸುಕು. ಈ ಸಲ ಬೇಕೆಂದೇ ಬೇರೆ ಬೇರೆ ಕಡೆ ನಿಲ್ಲಿ ಎಂದು ಆ್ಯಕ್ಷನ್ ಬೇಡಿಕೊಂಡ. ಎಲ್ಲರೂ ಹೂಂ ಎಂದು ಅತ್ತಿತ್ತ ಓಡಾಡಿ, ಕಡೆಗೆ ಹೋಗಿ ನಿಂತದ್ದು ಅಲ್ಲಲ್ಲೇ. ಅವನು ಕೈಮುಗಿದು ಕ್ಯಾಮೆರಾದ ಹಿಂದೆ ಕೂತ. ನನ್ನ ಬಲಗಡೆ ಮತ್ತೆ ಖಾಲಿ.

ಹಿಂದಿನ ಬೆಂಚು ನೀಲಿ ಬಟ್ಟೆ ತೊಟ್ಟು ಬಾಗಿಲ ಬಳಿ ನಿಂತಿದ್ದಳು. ಭುಜ ಸರಿಯಾಗಿ ಕೂತಿತ್ತು. ಅವಳನ್ನು ಕರೆಯಬೇಕು, ಅಷ್ಟೇ ಕೆಲಸ. ಒಂದು ಹೆಜ್ಜೆ ಬಲಕ್ಕೆ ಸರಿದು ನಾನೇ ಆ ಜಾಗದಲ್ಲಿ ನಿಂತುಬಿಡೋಣವೇ, ಯಾರಿಗೂ ಕೊಡುವುದು ಬೇಡ ಎಂದೂ ಅನ್ನಿಸಿತು. ಜನ ಕಾಯುತ್ತಿದ್ದರು. ಪಾಸ್ಟರ್ ಮೊಮ್ಮಗಳು ಎಲ್ಲೋ ಅಳುತ್ತಿದ್ದಳು.

"ಬಾಮ್ಮಾ" ಎಂದೆ. ದನಿ ಹೊರಡಲಿಲ್ಲ. ಮತ್ತೆ ಗಟ್ಟಿಯಾಗಿ, ಇಡೀ ಬೇತ್ಲೆಹೇಮಿಗೆ ಕೇಳುವ ಹಾಗೆ: "ಬಾ ಇಲ್ಲಿ. ಜಾಗ ಇದೆ."

ಅವಳು ತಲೆ ಅಲ್ಲಾಡಿಸಿದಳು. "ಬೇಡ ಅಮ್ಮಾ. ಅದು ಅವ್ರದು."

"ಅವ್ರದೇ. ನಾನು ಕೊಡ್ತಿದೀನಿ, ಬಾ."

ಡಾಕ್ಟರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವಳು ಬಂದಳು, ಮೈಯೆಲ್ಲ ಹಿಡಿ ಮಾಡಿಕೊಂಡು, ಆ ಜಾಗದ ತುದಿಯಲ್ಲಿ ನಿಂತಳು. ನಾನು ತೋಳು ಹಿಡಿದು ಸರಿಯಾಗಿ ನಡುವಿಗೆ ಎಳೆದೆ. ಇವರಿಗಿಂತ ಒಂದು ಮೊಳ ಗಿಡ್ಡ. ನನ್ನ ಬಲಗಡೆಯಿಂದ ಬಿಸಿಲು ಬಂದು ಮುಖಕ್ಕೆ ಬಿತ್ತು. ಆ್ಯಕ್ಷನ್ ಎಂದು ಕೂಗಿದ, ಮರಿಯಳೂ ಯೋಸೇಫನೂ ನಮ್ಮನ್ನು ತಳ್ಳಿಕೊಂಡು ದಾಟಿಹೋದರು.

ಡಿಸೆಂಬರ್ 14, ಭಾನುವಾರ

ಆರಾಧನೆಗೆ ಅವಳು ಬಾಗಿಲ ಹತ್ತಿರ ಕೂರಲು ಹೋದಳು. ನೋಡಿದೆ. ಅವಳೂ ನೋಡಿದಳು. ಎದ್ದು ಬಂದು ಪಕ್ಕದಲ್ಲಿ ಕೂತಳು. ಹಾಡುವಾಗ ಶ್ರುತಿ ಎಂದರೆ ದೇವರಿಗೇ ಪ್ರೀತಿ, ಕಿವಿಯಲ್ಲಿ ಗುಂಗಾಡು ಹೊಕ್ಕ ಹಾಗೆ. ಅಭ್ಯಾಸ ಮಾಡಿಸಬೇಕು.

ಮೊಬೈಲ್ ರಿಪೇರಿಯವನಿಗೆ ಬೇರೆ ಅಂಗಡಿ ನೋಡಿಕೋ ಎಂದು ಹೇಳಿದೆ. ಮೇಜು ತೆಗೆಸುವ ರಗಳೆ ಯಾರಿಗೆ ಬೇಕು.

ಡಿಸೆಂಬರ್ 25, ಗುರುವಾರ

ಬಲಿಪೀಠದ ಪಕ್ಕ ಬಿಳಿ ಬೆಡ್‌ಶೀಟು ಕಟ್ಟಿ ಸಿನಿಮಾ ತೋರಿಸಿದರು. ಯೋಸೇಫನ ಪ್ರಾರ್ಥನೆಗೆ ತೆರೆಯ ಒಳಗಿನವರೂ ಹೊರಗಿನವರೂ ಒಟ್ಟಿಗೆ ಆಮೆನ್ ಎಂದರು. ಹೆರೋದ ಸಿಟ್ಟಾದಾಗ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಜಂಗುಳಿ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ, ಒಂದು ಸಲ ಉಸಿರೆಳೆದು ಬಿಡುವಷ್ಟು ಹೊತ್ತು. ಒತ್ತೊತ್ತಾಗಿ ನಿಂತ ಜನ. ನನ್ನ ಪಕ್ಕ ನೀಲಿ ಬಟ್ಟೆ. ಸಂದಿಲ್ಲದ ಹಾಗೆ ತುಂಬಿದ ಸಾಲು. ನೋಡಿದವರು ಯಾರಾದರೂ ಅಲ್ಲಿ ಇನ್ನೊಬ್ಬರು ಇದ್ದರು ಎಂದು ಹೇಳಲು ಸಾಧ್ಯವೇ ಇಲ್ಲ.

ಮನೆಗೆ ಬಂದು ಚಪ್ಪಲಿ ಕೂಡ ಬಿಚ್ಚದೆ ಅಕ್ಕನಿಗೆ ಫೋನ್ ಮಾಡಿದೆ. ಹಬ್ಬದ ಶುಭಾಶಯ ಹೇಳಿ, ನಾನು ಬರುವುದಿಲ್ಲ ಅಕ್ಕಾ, ಇಲ್ಲೇ ಇರುತ್ತೇನೆ ಎಂದೆ. ಅಕ್ಕ ಬೈಯಲು ಬಾಯಿ ತೆರೆದವಳು ಅಲ್ಲಿಗೇ ನಿಲ್ಲಿಸಿದಳು.

"ಯಾಕೇ, ಅಳ್ತಿದೀಯಾ?"

ಹೌದು, ಅಳುತ್ತಿದ್ದೆ. ಎಲ್ಲಿತ್ತೋ ಏನೋ ಇಷ್ಟು ಅಳು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ.

"ಅವ್ರು ಹೋಗ್ಬಿಟ್ರು ಅಕ್ಕಾ" ಎಂದೆ.

ಅಕ್ಕ, ಆಗ ತಾನೇ ಸುದ್ದಿ ತಿಳಿದವಳ ಹಾಗೆ, ಮೆಲ್ಲಗೆ ಹೇಳಿದಳು: "ಹೌದು ಕಣೇ. ಹೋದ್ರು."